ಹಾಲಮ್ಮನ ಮಾಳಿಗೆ

ನಮ್ಮೂರಿನಲ್ಲಿ ಎಲ್ಲ ಮನೆಗಳೂ ಒಂದೇ ಅಳತೆ. ಉದ್ದ ಮೂವತ್ತು ಅಡಿ, ಅಗಲ ಇಪ್ಪತ್ತು. ಸಾಹುಕಾರನದೂ ಅಷ್ಟೇ, ಬಾವಿ ತೊಳೆಯುವ ನನ್ನದೂ ಅಷ್ಟೇ. ಹಿಂದೊಮ್ಮೆ ಎಣ್ಣೆ ವ್ಯಾಪಾರಿಯೊಬ್ಬ ಹಟಕ್ಕೆ ಬಿದ್ದು ಎರಡು ಅಡಿ ಹೆಚ್ಚು ಕಟ್ಟಿಸಿದ. ಮುಂದಿನ ಮಳೆಗಾಲಕ್ಕೆ ಅವನ ಮನೆಗೆ ಬಂದ ಮಾಳಿಗೆ ಗೋಡೆಗೆ ಸಾಲಲಿಲ್ಲ. ಆ ವರ್ಷ ಪೂರ್ತಿ ಅವನ ಮನೆಯವರು ನಡುಮನೆಯಲ್ಲಿ ಕೊಡೆ ಬಿಚ್ಚಿಕೊಂಡು ಊಟ ಮಾಡಿದರು. ಆಮೇಲೆ ಯಾರೂ ಅಂಥ ದೊಡ್ಡಸ್ತಿಕೆಗೆ ಹೋಗಲಿಲ್ಲ.

ವರ್ಷದ ಮೊದಲ ಮಳೆ ಬಿದ್ದ ಬೆಳಗ್ಗೆ ನಮ್ಮೂರಿನ ಮಾಳಿಗೆಗಳು ಮನೆ ಬದಲಿಸುತ್ತವೆ. ಗೋಡೆ, ಬಾಗಿಲು, ಒಲೆ ಎಲ್ಲ ಇದ್ದಲ್ಲೇ ಇರುತ್ತವೆ. ಮೇಲಿನದು ಮಾತ್ರ ಮಣ್ಣು, ಗಿಡ, ಬಳ್ಳಿ, ಓತಿಕ್ಯಾತ, ಹುಳುಹುಪ್ಪಟೆ ಸಮೇತ ಬೇರೆ ಯಾರದೋ ಮನೆಯ ಮೇಲೆ ಹೋಗಿ ಕೂತಿರುತ್ತದೆ. ನೆಲದಲ್ಲಿ ನಮಗೆ ಮಣ್ಣೆಂಬುದೇ ಇಲ್ಲ. ಬೀದಿಗೆ ಕಲ್ಲು ಹಾಸಿದೆ, ಸಂತೆಕಟ್ಟೆಗೆ ಸಿಮೆಂಟು, ಬಸ್ ಸ್ಟ್ಯಾಂಡಿಗೆ ಡಾಂಬರು. ಹಸಿರು ಅಂತ ಏನಿದ್ದರೂ ತಲೆಯ ಮೇಲೆ. ಹಾಗಾಗಿ ಚಿಟ್ಟೆಗಳೂ ಅಲ್ಲೇ, ಹಕ್ಕಿಗಳೂ ಅಲ್ಲೇ, ಹೆಂಗಸರ ಮಾತುಕತೆಯೂ ಅಲ್ಲೇ.

ಬದಲಾದ ಮಾಳಿಗೆಯನ್ನು ಒಂದು ವಾರದೊಳಗೆ ಒಪ್ಪಿಸಬೇಕು. ಹೋದ ವರ್ಷ ಸಾಕಿದವರು ಅದು ಎಲ್ಲಿಗೆ ಹೋಗಿದೆ ಎಂದು ಹುಡುಕಿಕೊಂಡು ಹೋಗಿ, ಈ ವರ್ಷ ಸಾಕುವವರ ಜೊತೆ ಏಣಿ ಹತ್ತಿ, ಮೇಲೆ ಏನೇನಿದೆ, ಯಾವುದು ಏನು ತಿನ್ನುತ್ತದೆ ಎಂದು ಹೇಳಬೇಕು. ಕೊನೆಗೆ ‘ಇನ್ನು ನಿಮ್ಮವು’ ಎಂದು ಹೇಳಿ ಇಳಿಯಬೇಕು. ಆಗ ಏಣಿಗೆ ಬಿಳಿ ಬಟ್ಟೆ ಕಟ್ಟುತ್ತಾರೆ. ಅಲ್ಲಿಯವರೆಗೆ ಒಂದು ಎಲೆಯನ್ನೂ ಕೀಳುವ ಹಾಗಿಲ್ಲ. ಏಳನೇ ದಿನ ಹೊತ್ತು ಮುಳುಗುವಾಗ ಬಟ್ಟೆ ಕಾಣದ ಮನೆಗೆ ಗುದ್ದಲಿಯವರು ಬಂದು ಮೇಲಿನದನ್ನೆಲ್ಲ ಕೆರೆದು ಕೆಳಗೆ ಹಾಕಿ ಸುಟ್ಟುಬಿಡುತ್ತಾರೆ. ಯಾರಿಗೂ ಗೊತ್ತಿಲ್ಲದ ಮಾಳಿಗೆಯ ಕೆಳಗೆ ನಮ್ಮೂರಿನವರಿಗೆ ನಿದ್ದೆ ಬರುವುದಿಲ್ಲ.

ಇದಿಷ್ಟೂ ನನಗೆ ಕೇಳಿ ಗೊತ್ತಿದ್ದದ್ದು. ನಾನು ಜನ್ಮದಲ್ಲಿ ಏಣಿ ಹತ್ತಿದವನಲ್ಲ. ಬಾವಿಗೆ ಎಷ್ಟು ಆಳಕ್ಕೆ ಬೇಕಾದರೂ ಇಳಿಯುತ್ತೇನೆ. ಬಿದ್ದ ಕೊಡ ತೆಗೆಯುತ್ತೇನೆ, ಹೂಳೆತ್ತುತ್ತೇನೆ, ತಳದಲ್ಲಿ ಕೂತು ಬೀಡಿ ಸೇದಿಯೂ ಬರುತ್ತೇನೆ. ಆದರೆ ಏಣಿಯ ಎರಡನೇ ಮೆಟ್ಟಿಲಿಗೆ ಕಾಲಿಟ್ಟರೆ ತಲೆ ಗಿರ್ರೆನ್ನುತ್ತದೆ. ಹಾಗಾಗಿ ನೆಲದಿಂದ ಕೆಳಗಿನದು ನನ್ನ ಪಾಲು, ಸೂರಿನಿಂದ ಮೇಲಿನದು ನನ್ನ ಹೆಂಡತಿ ಹಾಲಮ್ಮನ ಪಾಲು ಎಂದು ಮೂವತ್ತೊಂದು ವರ್ಷ ಸಂಸಾರ ನಡೆಯಿತು. ದಿನಾ ನಾಲ್ಕು ಗಂಟೆಗೆ ಅವಳು ಹತ್ತುತ್ತಿದ್ದಳು. ದೀಪ ಹಚ್ಚುವ ಹೊತ್ತಿಗೆ ಇಳಿಯುತ್ತಿದ್ದಳು. ‘ಅಡುಗೆ ಏನು?’ ಎಂದು ನಾನು ಕೇಳುತ್ತಿದ್ದೆ.

ಈ ವರ್ಷ ಯುಗಾದಿ ಕಳೆದ ಹದಿಮೂರನೇ ದಿನ, ಹುಣಿಸೆಹಣ್ಣು ಬಿಡಿಸುತ್ತ ಕೂತಿದ್ದ ಹಾಲಮ್ಮ ಹಾಗೇ ಕಂಬಕ್ಕೆ ಒರಗಿದಳು. ಮತ್ತೆ ಏಳಲಿಲ್ಲ. ಅದಾಗಿ ಎರಡು ತಿಂಗಳಿಗೆ ಮೊದಲ ಮಳೆ ಬಂತು.

ಎರಡನೇ ದಿನ ಗಿರಿಜಕ್ಕ ಎಂಬ ಹೆಂಗಸು ನಮ್ಮ ಮನೆಗೆ ಬಂದಳು. ಅವಳು ಸಾಕಿದ ಮಾಳಿಗೆ ನನ್ನ ತಲೆಯ ಮೇಲೆ ಬಂದಿತ್ತು. ತಾನೇ ಸರಸರ ಏಣಿ ಹತ್ತಿ ಮೇಲಿನಿಂದ ಕೂಗಿದಳು.

“ಬಾರಪ್ಪ ಕೊಟ್ರಪ್ಪ, ಮೇಲೆ.”

“ನೀನು ಹೇಳಕ್ಕ, ಇಲ್ಲಿಗೇ ಕೇಳಿಸ್ತೈತೆ.”

“ಕೇಳಿದ್ರೆ ಸಾಕಾ, ನೋಡೋದು ಬ್ಯಾಡ್ವಾ?” ಎಂದು ಗೊಣಗಿ, ನಿಂಬೆಗಿಡ ಮೂರು, ಸೂಜಿ ಹಕ್ಕಿಯ ಗೂಡು ಒಂದು, ಹಾವುರಾಣಿ ಎರಡು, ಅವುಗಳಲ್ಲಿ ಒಂದಕ್ಕೆ ಬಾಲವಿಲ್ಲ ಎಂದು ಹೇಳುತ್ತ ಹೋದಳು. ನಾನು ಕೆಳಗಿನಿಂದ ಹೂಂಗುಟ್ಟಿದೆ. ಇಳಿದು ಬಂದು, ಮಜ್ಜಿಗೆ ಕುಡಿದು, ಲೋಟ ಕೆಳಗಿಡುತ್ತ ಕೇಳಿದಳು.

“ಹಾಲಮ್ಮನ ಮಾಳಿಗೆ ಯಾರ ಮನೆಗೆ ಹೋಗೈತೆ? ಒಪ್ಪಿಸಿದ್ಯಾ?”

ನನಗೆ ಅದು ಹೊಳೆದೇ ಇರಲಿಲ್ಲ. ಹೆಂಡತಿ ಹೋದ ಮೇಲೆ ಅವಳ ಸೀರೆಗಳನ್ನು ಅವಳ ತಂಗಿಗೆ ಕೊಟ್ಟಿದ್ದೆ, ಕಾಲುಂಗುರ ಪೆಟ್ಟಿಗೆಯಲ್ಲಿಟ್ಟಿದ್ದೆ. ಎಲ್ಲ ಮುಗಿಯಿತು ಎಂದುಕೊಂಡಿದ್ದೆ. ಅವಳು ಒಂದು ವರ್ಷ ಸಾಕಿದ ಜೀವಗಳೆಲ್ಲ ಊರಿನಲ್ಲಿ ಯಾರದೋ ಸೂರಿನ ಮೇಲೆ ಕೂತು ನನ್ನ ದಾರಿ ಕಾಯುತ್ತಿವೆ ಎಂದು ಈಗ ಗೊತ್ತಾಯಿತು.

“ಅದು ಹೆಂಗಿತ್ತು ಅಂತನಾದ್ರೂ ಗೊತ್ತೈತಾ ನಿಂಗೆ?” ಎಂದಳು ಗಿರಿಜಕ್ಕ. ಅವಳು ನನ್ನ ಮುಖ ನೋಡಿ, ಎದ್ದು ಹೋದಳು.

ಅಕ್ಕಪಕ್ಕದವರನ್ನು ಕೇಳೋಣ ಎಂದು ಹೊರಟೆ. ಎಡಮನೆಯ ಟೈಲರ್ ಸಿದ್ರಾಮ ಮಿಷನ್ ನಿಲ್ಲಿಸಿ ಹೇಳಿದ, “ಹರಳು ಗಿಡ ಕಣಣ್ಣ. ಬರೀ ಹರಳು. ಅಕ್ಕ ಹೋದ ಮ್ಯಾಲೆ ನಮ್ಮ ಕಡೆಯಿಂದ ದಿನಾ ನಾಕು ಚೊಂಬು ನೀರು ಎಸೀತಿದ್ದೆ.” ಬಲಮನೆಯ ನೀಲವ್ವ, “ಹರಳೂ ಇಲ್ಲ ಏನೂ ಇಲ್ಲ. ಎಕ್ಕದ ಗಿಡ. ನಾನು ದಿನಾ ನೋಡ್ತಿದ್ನಲ್ಲ. ನೀರು ಹಾಕಿದೋಳೂ ನಾನೇ,” ಎಂದಳು. ಹಿಂದಿನ ಮನೆಯ ಮೇಷ್ಟ್ರು ಕನ್ನಡಕ ಒರೆಸಿಕೊಂಡು, ಅಲ್ಲಿ ಗಿಡವೇ ಇರಲಿಲ್ಲ, ಬಳ್ಳಿ ಮಾತ್ರ ಇತ್ತು, ಬೇಕಾದರೆ ಬರೆದುಕೊಡುತ್ತೇನೆ ಎಂದರು. ಮೂವರೂ ಸುಳ್ಳು ಹೇಳುವವರಲ್ಲ. ನಾನು ಒಂದು ಮಾಳಿಗೆ ಹುಡುಕಬೇಕೋ ಮೂರು ಹುಡುಕಬೇಕೋ ತಿಳಿಯದೆ ಬೀದಿಯಲ್ಲಿ ನಿಂತೆ.

ಮಾಳಿಗೆ ಬದಲಾದ ವಾರ ಚಿಟ್ಟೆಗಳಿಗೂ ತಲೆ ಕೆಟ್ಟಿರುತ್ತದೆ. ನಿನ್ನೆ ಮೊಟ್ಟೆಯಿಟ್ಟ ಗಿಡ ಇಂದು ಅಲ್ಲಿಲ್ಲ. ಬಸ್ಸಿನ ಕಿಟಕಿಯೊಳಗೆ ನುಗ್ಗುತ್ತವೆ, ಹೋಟೆಲಿನ ಗಲ್ಲಾಪೆಟ್ಟಿಗೆಯ ಮೇಲೆ ಕೂರುತ್ತವೆ, ಸಿನಿಮಾ ಟಾಕೀಸಿನ ಪೋಸ್ಟರಿನ ಹೂವನ್ನು ಮೂಸಿ ನೋಡುತ್ತವೆ. ಆ ವಾರ ಯಾರೂ ಜೋರಾಗಿ ಸೈಕಲ್ ತುಳಿಯುವುದಿಲ್ಲ. ನಾನು ಅವುಗಳ ನಡುವೆ ಕತ್ತೆತ್ತಿಕೊಂಡು ತಿರುಗಿದೆ. ಬಿಳಿ ಬಟ್ಟೆಯಿಲ್ಲದ ಏಣಿ ಕಂಡಲ್ಲೆಲ್ಲ ನಿಂತು, “ನಿಮ್ಮ ಮ್ಯಾಲಿಂದನ್ನ ಯಾರಾದ್ರೂ ಬಂದು ಒಪ್ಪಿಸಿದ್ರೇನ್ರೀ?” ಎಂದು ಕೂಗುತ್ತಿದ್ದೆ.

ಇನ್ನೊಂದು ಪೇಚು ಅಲ್ಲಿ ಶುರುವಾಯಿತು. ಮೀನು ಮಾರುವ ಓಣಿಯಲ್ಲಿ ಒಬ್ಬಳು ಮೇಲಿನಿಂದಲೇ, “ಇದು ಹಾಲಮ್ಮನದೇ,” ಎಂದಳು. ನಾನು ಏಣಿಯ ಬುಡಕ್ಕೆ ಓಡಿದೆ. “ಆರು ವರ್ಷದ ಹಿಂದೆ,” ಎಂದಳು ಆಮೇಲೆ. ಕಂಚುಗಾರರ ಬೀದಿಯಲ್ಲೂ ಹಾಗೇ ಆಯಿತು. ಸಣ್ಣ ಆಸ್ಪತ್ರೆಯ ನರ್ಸಮ್ಮ ತನ್ನ ಮಾಳಿಗೆಯ ಕರಿಬೇವನ್ನು ತೋರಿಸಿ, ಅದನ್ನು ನೆಟ್ಟವಳು ಹಾಲಮ್ಮ ಎಂದು ತನಗೆ ಒಪ್ಪಿಸಿದವರು, ಅವರಿಗೆ ಒಪ್ಪಿಸಿದವರು, ಅದರ ಹಿಂದಿನವರು ಎಲ್ಲರೂ ಹೇಳಿಕೊಂಡು ಬಂದಿದ್ದಾರೆ ಎಂದಳು. ಊರಿನ ಮೂವತ್ತು ಸೂರುಗಳ ಮೇಲೆ ನನ್ನ ಹೆಂಡತಿಯ ಕೈ ಆಡಿತ್ತು. ಬೇರೆ ಬೇರೆ ಓಣಿಗಳಲ್ಲಿ ಬೇರೆ ಬೇರೆಯವರಿಗೆ ಗೊತ್ತಿದ್ದ ಹಾಲಮ್ಮನನ್ನು ಒಟ್ಟಿಗೆ ಸೇರಿಸಲು ನನ್ನಿಂದ ಆಗಲಿಲ್ಲ. ಅವರಿಗೆಲ್ಲ ಅಷ್ಟೊಂದು ಗೊತ್ತಿತ್ತಲ್ಲ ಎಂದು ಸಿಟ್ಟೂ ಬಂತು.

ಐದನೇ ದಿನ ನಾನೊಂದು ಮಾಡಬಾರದ ಕೆಲಸ ಮಾಡಿದೆ. ಖಾರದ ಅಂಗಡಿ ಪಂಪಣ್ಣನ ಮನೆಯ ಏಣಿಗೆ ಇನ್ನೂ ಬಟ್ಟೆ ಕಟ್ಟಿರಲಿಲ್ಲ. ಬೀದಿಯಿಂದ ನೋಡಿದರೆ ಮೇಲೆ ಸೇವಂತಿಗೆ, ಕನಕಾಂಬರ, ಚೆಂಡುಹೂ, ಸಾಲು ಹಿಡಿದು ನಿಂತಿದ್ದವು. ಕಳೆ ಎಂಬುದಿಲ್ಲ, ಒಂದು ಎಲೆಗೆ ತೂತಿಲ್ಲ. ಇದೇ, ಇಂಥದ್ದನ್ನೇ ಅವಳು ಮಾಡಿರುತ್ತಾಳೆ, ಮೂವತ್ತೊಂದು ವರ್ಷದ ಸಂಜೆಗಳೆಲ್ಲ ಸುಮ್ಮನೆ ಹೋಗಿರುವುದಿಲ್ಲ ಎಂದು ಮನಸ್ಸು ಹೇಳಿತು. ಅಂಗಡಿಯ ಮುಂದೆ ನಾಲ್ಕು ಜನ ಇದ್ದಾಗಲೇ, “ಇದು ಹಾಲಮ್ಮ ಸಾಕಿದ್ದು, ನಾನು ಒಪ್ಪಿಸೋಕೆ ಬಂದೀನಿ,” ಎಂದೆ.

“ಒಪ್ಪಿಸು ಮತ್ತೆ,” ಎಂದ ಪಂಪಣ್ಣ.

“ಹರಳು, ಎಕ್ಕ, ಬಳ್ಳಿ,” ಎಂದು ಶುರುಮಾಡಿದೆ.

“ಎಕ್ಕ ಎಲ್ಲೈತೆ ಮಾರಾಯ? ಕಣ್ಣು ಬಿಟ್ಟು ನೋಡು.”

ಅಷ್ಟರಲ್ಲಿ ಆ ಮಾಳಿಗೆಯನ್ನು ನಿಜವಾಗಿ ಸಾಕಿದ ಮುದುಕಿಯೊಬ್ಬಳು ಕೋಲೂರಿಕೊಂಡು ಬಂದಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಬೇರೆಯವರು ಸಾಕಿದ್ದನ್ನು ತಮ್ಮದೆನ್ನುವುದು ನಮ್ಮೂರಿನಲ್ಲಿ ಕಳ್ಳತನಕ್ಕಿಂತ ಕೀಳು. ಬೈದಿದ್ದರೆ ಹಗುರಾಗುತ್ತಿತ್ತು. ಅವಳು, “ಪಾಪ, ಹೆಂಡ್ತಿ ಸತ್ತಾಳೆ,” ಎಂದಳು. ನಾನು ಬಂದ ದಾರಿ ಹಿಡಿದೆ.

ಏಳನೇ ದಿನ ಮಧ್ಯಾಹ್ನ ಕಳೆಯುವ ಹೊತ್ತಿಗೆ ಊರಿನಲ್ಲಿ ಬಟ್ಟೆಯಿಲ್ಲದ ಏಣಿ ಒಂದೇ ಉಳಿದಿತ್ತು. ಗಾಣಿಗರ ಓಣಿಯ ತುದಿಯಲ್ಲಿ ಕೌದಿ ಹೊಲಿಯುವ ರಾಜಾಬಿಯ ಮನೆ. ಮೂರನೇ ದಿನವೇ ನಾನು ಅದರ ಮುಂದೆ ಹಾದುಹೋಗಿದ್ದೆ. ಕೆಳಗಿನಿಂದ ಕಾಣುತ್ತಿದ್ದದ್ದು ತೂತು ತೂತಾದ ಎಲೆಗಳು, ಬೋಳು ಕಡ್ಡಿಗಳು, ಅಂಚಿಗೆ ಜೋತುಬಿದ್ದ ಯಾವುದೋ ಕಳೆ. ಇದು ಯಾವ ಸೋಮಾರಿಯದೋ ಎಂದುಕೊಂಡು ಕೂಗದೆಯೇ ಮುಂದೆ ಹೋಗಿದ್ದೆ. ಈಗ ಅದೇ ಉಳಿದಿತ್ತು. ಗುದ್ದಲಿಯವರು ಮೂವರು ಆಗಲೇ ಬಂದು ಜಗುಲಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ರಾಜಾಬಿ ಮೇಲೆ ಮಾಳಿಗೆಯ ಅಂಚಿನುದ್ದಕ್ಕೂ ಒಗೆದ ಕೌದಿಗಳನ್ನು ಹರವಿಕೊಂಡು ನಿಂತಿದ್ದಳು. ನಲವತ್ತರ ಹೆಂಗಸು, ಸೊಂಟದಲ್ಲಿ ಕುಡುಗೋಲು.

“ಯಾರದು ಇದು? ನಿಮ್ಮದೇನ್ರೀ?” ಎಂದು ಬಗ್ಗಿ ಕೇಳಿದಳು.

“ಇರಬಹುದು,” ಎಂದೆ.

“ಇರಬಹುದು ಅಂದ್ರೆ?”

“ನನ್ನ ಹೆಂಡ್ತಿದು ಇರಬಹುದು. ನಾನು ನೋಡಿಲ್ಲ.”

ಗುದ್ದಲಿಯವರಲ್ಲಿ ಹಿರಿಯನಾದ ದುರುಗಪ್ಪ ಸೂರ್ಯನ ಕಡೆ ನೋಡಿದ. “ಹೊತ್ತು ಮುಳುಗೋಕೆ ಇನ್ನೊಂದು ಮಾರು ಐತೆ. ಹತ್ತೋದಾದ್ರೆ ಹತ್ತು.”

ಏಣಿಗೆ ಕೈ ಹಾಕಿದೆ. ಎರಡನೇ ಮೆಟ್ಟಿಲಿಗೆ ಊರು ತಿರುಗಿತು. ಕಣ್ಣು ಮುಚ್ಚಿದೆ. ಬಾವಿಗೆ ಇಳಿಯುವಾಗ ಕತ್ತಲೆಯಲ್ಲಿ ಕಾಲಿನಿಂದ ಕಲ್ಲಿನ ಸಂದು ಹುಡುಕಿಕೊಂಡು ಎಣಿಸುತ್ತೇನಲ್ಲ, ಹಾಗೇ ಎಣಿಸತೊಡಗಿದೆ. ಇದು ಇಳಿಯುವುದೇ, ಕಾಲು ಮಾತ್ರ ತಿರುಗಾಮುರುಗಾ ಎಂದು ನನಗೆ ನಾನೇ ಹೇಳಿಕೊಂಡೆ. ಹನ್ನೊಂದಕ್ಕೆ ರಾಜಾಬಿಯ ಕೈ ರಟ್ಟೆ ಹಿಡಿದು ಎಳೆಯಿತು. ಮಣ್ಣಿನ ಮೇಲೆ ಮಂಡಿಯೂರಿ ಕಣ್ಣು ಬಿಟ್ಟೆ.

ಒಂದು ಅಂಚಿಗೆ ಹರಳು ಗಿಡ. ಎದುರು ಅಂಚಿಗೆ ಎಕ್ಕ. ಹಿಂದಿನ ಅಂಚಿಗೆ ಈಶ್ವರಿ ಬಳ್ಳಿ. ಟೈಲರನೂ ನೀಲವ್ವನೂ ಮೇಷ್ಟ್ರೂ ತಮ್ಮ ತಮ್ಮ ಮಾಳಿಗೆಯಿಂದ ತಮ್ಮ ಕಡೆಯ ಅಂಚನ್ನು ಮಾತ್ರ ಕಂಡಿದ್ದರು. ನಡುವಿನದನ್ನು ಯಾರೂ ನೋಡಿರಲಿಲ್ಲ. ನಡುವೆ ಕಂಠವಿಲ್ಲದ ಹಿತ್ತಾಳೆ ಕೊಡ, ತಳ ಹೋದ ಬಕೆಟು, ಸೊಟ್ಟ ಸೌಟು, ಶಾಲೆ ಮಕ್ಕಳ ಬುತ್ತಿ ಡಬ್ಬಿಗಳು. ಎಲ್ಲ ನಾನೇ ಬಾವಿಗಳಿಂದ ಎತ್ತಿದ್ದು. ಯಾರೂ ಕೇಳಿಕೊಂಡು ಬರದ ಸಾಮಾನನ್ನು ಮನೆಯ ಹಿಂದೆ ಒಟ್ಟುತ್ತಿದ್ದೆ. ಗುಜರಿಯವನಿಗೆ ಹಾಕುತ್ತಾಳೆ ಎಂದುಕೊಂಡಿದ್ದೆ. ಎಲ್ಲದರಲ್ಲೂ ಹಸಿ ಮಣ್ಣು ತುಂಬಿತ್ತು. ಆ ಮಣ್ಣಿನ ಮೇಲೆ ಚಿಟ್ಟೆಗಳು ರೆಕ್ಕೆ ಮಡಚಿ, ಒಂದರ ಪಕ್ಕ ಒಂದು ಕೂತು ನೀರು ಹೀರುತ್ತಿದ್ದವು. ಎಷ್ಟಿದ್ದವೋ. ನಾನು ಅಲುಗಿದರೂ ಅವು ಏಳಲಿಲ್ಲ.

“ಇದು ಹಾಲಮ್ಮಂದೇ,” ಎಂದೆ.

“ಹಂಗಾದ್ರೆ ಒಪ್ಪಿಸ್ರಿ,” ಎಂದಳು ರಾಜಾಬಿ.

ಒಪ್ಪಿಸುವುದು ಏನನ್ನು? ಎಕ್ಕದ ಎಲೆಯ ಕೆಳಗೆ ಕಪ್ಪು ಹಳದಿ ಪಟ್ಟೆಯ ಹುಳು ಮೇಯುತ್ತಿತ್ತು. ಅದು ಏನಾಗುತ್ತದೆ? ಬಳ್ಳಿಗೆ ಯಾರು ಬರುತ್ತಾರೆ? ನನಗೆ ಗೊತ್ತಿರಲಿಲ್ಲ. ರಾಜಾಬಿಗೆ ಆರು ದಿನದಲ್ಲೇ ನನಗಿಂತ ಹೆಚ್ಚು ಗೊತ್ತಾಗಿತ್ತು. “ಈ ಮೂಲೆ ಕರಿಬೇವಿನ ಮ್ಯಾಲೆ ಹಕ್ಕಿ ಹಿಕ್ಕೆ ಹಾಕೈತೆ ಅಂತ ತೊಳೆಯಾಕೆ ಹೋದೆ, ಹಿಕ್ಕೆ ಎದ್ದು ನಡೀತು, ಹುಳ ಅದು,” ಎಂದಳು. “ಹರಳಿಗೆ ಕಂದು ಬಣ್ಣದ್ದು ಬರ್ತೈತೆ. ಬಳ್ಳಿಗೆ ಕೆಂಪು ಹೊಟ್ಟೆ ಕರಿ ಚಿಟ್ಟೆ. ಆದ್ರೆ ನಾನು ಹೇಳೋ ಹಂಗಿಲ್ಲ, ನೀವೇ ಹೇಳ್ಬೇಕು. ನೀವು ಹೇಳಿದ್ರೆ ಮಾತ್ರ ಇವು ಉಳಿಯೋದು.”

ಕೆಳಗೆ ಗುದ್ದಲಿಗಳನ್ನು ಎತ್ತಿಕೊಂಡ ಸದ್ದಾಯಿತು. ಏನು ಮಾಡಲೂ ತೋಚದೆ, ಕೂತಲ್ಲೇ ಮುಂದಿದ್ದ ಕೊಡದೊಳಗೆ ಬೆರಳಿಟ್ಟು ಮಣ್ಣನ್ನು ಮೂಸಿದೆ. ಮೂಸಿದ ಕೂಡಲೇ ಗೊತ್ತಾಯಿತು. ಕೋಟೆ ಬಾವಿಯ ಹೂಳು. ಸುಣ್ಣದ ವಾಸನೆ, ಕೈಗೆ ನುಣುಪು. ಪ್ರತಿ ಬಾವಿ ತೊಳೆದಾಗಲೂ ಹಾಲಮ್ಮ, “ಒಂದು ಬುಟ್ಟಿ ಹೂಳು ತರ್ರಿ,” ಎನ್ನುತ್ತಿದ್ದಳು. ತಂದು ಬಾಗಿಲಲ್ಲಿ ಇಳಿಸುತ್ತಿದ್ದೆ. ಕುಂಬಾರರಿಗೆ ಕೊಡುತ್ತಾಳೆ ಎಂದುಕೊಂಡು ಕೇಳುವ ಗೋಜಿಗೂ ಹೋಗಿರಲಿಲ್ಲ.

“ಇದು ಕೋಟೆ ಬಾವಿದು,” ಎಂದೆ ಗಟ್ಟಿಯಾಗಿ. ಮುಂದಿನದಕ್ಕೆ ತೆವಳಿದೆ. “ಇದು ಅಕ್ಕಸಾಲಿಗರ ಬಾವಿದು, ಮರಳು ಜಾಸ್ತಿ, ನೀರು ನಿಲ್ಲಂಗಿಲ್ಲ, ದಿನಾ ಎರಡು ಸಲ ತೋಯಿಸ್ಬೇಕು. ಇದು ಛತ್ರದ ಬಾವಿದು, ಕರಿ ಜೇಡಿ, ಎಂಟು ದಿನ ಆದ್ರೂ ಹಸಿ ಆರಲ್ಲ.” ಹರಳಿನ ಬುಡಕ್ಕೆ ಹೋದೆ, ಎಕ್ಕದ ಬುಡಕ್ಕೆ ಹೋದೆ. ಪ್ರತಿಯೊಂದರ ಬುಡಕ್ಕೂ ನಾನು ಹೊತ್ತು ತಂದ ಬುಟ್ಟಿಯ ಹೂಳಿತ್ತು. ಹೋದ ಮಳೆಗಾಲದಿಂದ ಅವಳು ಹೋಗುವವರೆಗೆ ಹದಿನಾಲ್ಕು ಬಾವಿ ತೊಳೆದಿದ್ದೆ, ಹದಿನಾಲ್ಕನ್ನೂ ಹೇಳಿದೆ. ಯಾವುದು ಬೇಗ ಬಿರುಕು ಬಿಡುತ್ತದೆ, ಯಾವುದರಲ್ಲಿ ಎರೆಹುಳು ನಿಲ್ಲುತ್ತದೆ ಎಂದೆಲ್ಲ ಹೇಳಿದೆ. ರಾಜಾಬಿ ಹೂಂಗುಟ್ಟುತ್ತ ನನ್ನ ಹಿಂದೆ ಹಿಂದೆ ಬಂದಳು.

ದುರುಗಪ್ಪ ಏಣಿಯ ತುದಿಯವರೆಗೆ ಹತ್ತಿ ತಲೆ ಮಾತ್ರ ಹೊರಗಿಟ್ಟು ಕೇಳುತ್ತಿದ್ದ. “ಬರೀ ಮಣ್ಣು ಹೇಳಿದ್ಯಲ್ಲೋ. ಜೀವ ಇರೋದನ್ನ ಒಂದೂ ಹೇಳ್ಲಿಲ್ಲ.”

“ಮ್ಯಾಲೆ ಏನೈತೋ ಅದನ್ನ ಹೇಳ್ಬೇಕು ಅಂತೈತೆ,” ಎಂದಳು ರಾಜಾಬಿ. “ಜೀವ ಇರೋದನ್ನೇ ಅಂತ ಯಾರು ಹೇಳ್ಯಾರೆ? ಅವ್ರು ಹೇಳಿದ್ರು, ನಾನು ಕೇಳ್ದೆ.”

ದುರುಗಪ್ಪ ಕೆಳಗಿನ ಇಬ್ಬರ ಕಡೆ ನೋಡಿದ. ಹಿಂದೆ ಹೀಗೆ ಆದದ್ದಿಲ್ಲ. ಗಡ್ಡ ಕೆರೆದುಕೊಂಡು, “ಕಡೇ ಮಾತು ಹೇಳು ಮತ್ತೆ, ಹೊತ್ತು ಮುಳುಗ್ತೈತೆ,” ಎಂದ.

ಎರಡೇ ಪದ. ಬಾಯಿಗೆ ಬರಲಿಲ್ಲ. ಅವಳು ಸತ್ತು ಎರಡು ತಿಂಗಳ ಮೇಲೆ, ಅವಳಿದ್ದ ಜಾಗ ನನಗೆ ಈಗ ತಾನೇ ಸಿಕ್ಕಿತ್ತು. ಹೇಳಿದರೆ ಇದು ನನ್ನದಲ್ಲ. ಹೇಳದಿದ್ದರೆ ಯಾರದೂ ಅಲ್ಲ. ಇನ್ನೊಂದು ಬಾವಿಯಾದರೂ ಉಳಿದಿದೆಯೇ ಎಂದು ನೆನಪು ಮಾಡಿಕೊಂಡೆ. ಉಳಿದಿರಲಿಲ್ಲ.

“ಇನ್ನು ನಿಮ್ಮವು,” ಎಂದೆ.

ದುರುಗಪ್ಪ ಬಿಳಿ ಬಟ್ಟೆ ಕಟ್ಟಿ ಇಳಿದ. ನಾನು ಕಣ್ಣೊರೆಸಿಕೊಂಡು, ಇಳಿಯುವುದಕ್ಕೆ ಯಾವ ಕಾಲು ಮೊದಲಿಡಬೇಕೆಂದು ತಿಳಿಯದೆ ಏಣಿಯ ಬಳಿ ಕೂತಿದ್ದೆ. ರಾಜಾಬಿ ಸೊಂಟದ ಕುಡುಗೋಲು ತೆಗೆದುಕೊಂಡು ಹತ್ತಿರ ಬಂದಳು.

“ಅಣ್ಣ, ಒಂದು ಮಾತು. ಕೌದಿ ಒಣಗಾಕಾಕೆ ನಂಗೆ ಒಂದು ಕಡೆ ಜಾಗ ಬೇಕು. ಇಲ್ಲಾಂದ್ರೆ ನನ್ನ ಕೆಲ್ಸ ನಡೆಯಂಗಿಲ್ಲ. ಅಕ್ಕಂಗೆ ಇದ್ರಾಗೆ ಯಾವುದು ಬಾಳ ಇಷ್ಟ ಇತ್ತು ಹೇಳ್ರಿ. ಅದೊಂದನ್ನ ಬಿಟ್ಟು ಬ್ಯಾರೆ ಕಡೆ ಕೊಯ್ಕೋತೀನಿ.”

ನಾನು ಹರಳನ್ನು ನೋಡಿದೆ, ಎಕ್ಕವನ್ನು ನೋಡಿದೆ, ಬಳ್ಳಿಯನ್ನು ನೋಡಿದೆ. ಒಂದನ್ನು ತೋರಿಸಿ ಅದೇ ಎಂದುಬಿಡಬಹುದಿತ್ತು.

“ಗೊತ್ತಿಲ್ಲ ತಾಯಿ. ನಾನು ಒಂದಿನಾನೂ ಕೇಳ್ಲಿಲ್ಲ.”

ರಾಜಾಬಿ ಕುಡುಗೋಲು ಹಿಡಿದು ಹರಳಿನ ಹತ್ತಿರ ಹೋದಳು. ಅಲ್ಲಿಂದ ಎಕ್ಕದ ಹತ್ತಿರ, ಅಲ್ಲಿಂದ ಬಳ್ಳಿಯ ಹತ್ತಿರ. “ಹಂಗಾದ್ರೆ ಯಾವುದನ್ನ ಕೊಯ್ಯೋದು,” ಎಂದಳು, ನನ್ನನ್ನಲ್ಲ, ತನ್ನನ್ನೇ. ಕುಡುಗೋಲನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡು, ಅಂಚಿನ ಮೇಲಿನ ಕೌದಿಗಳನ್ನು ಒಂದೊಂದಾಗಿ ಮಡಚಿ ಕೆಳಗೆ ಇಳಿಸತೊಡಗಿದಳು.